ಎಷ್ಟು ನೋಡಿದರೆ ಒಂದು ಸಿಗುತ್ತದೆ: ನಡೆದಾಡಿ ಆಡುವ ಸಂಗ್ರಹದ ಆಟಗಳಲ್ಲಿ ಅಪರೂಪದ ಲೆಕ್ಕ ಇಡುವ ಬಗೆ

ಪೋಕೆಮಾನ್ ಗೋ, ಇಂಗ್ರೆಸ್, ಮಾನ್‌ಸ್ಟರ್ ಹಂಟರ್ ನೌ ಥರದ, ಫೋನ್ ಹಿಡಿದು ಹೊರಗೆ ನಡೆದಾಡುತ್ತ ನಕ್ಷೆಯ ಮೇಲೆ ಕಂಡ ಕಾಲ್ಪನಿಕ ಜೀವಿಗಳನ್ನೋ ವಸ್ತುಗಳನ್ನೋ ಕೂಡಿಹಾಕುವ ಆಟ ಆಡುವವರನ್ನು ‘ಇದು ಎಷ್ಟು ಅಪರೂಪ?’ ಎಂದು ಕೇಳಿ ನೋಡಿ. ‘ನನಗೆ ಎರಡೇ ಸಿಕ್ಕಿದೆ’ ಎಂಬ ಉತ್ತರ ಬರುತ್ತದೆ. ಎಷ್ಟು ನೋಡಿದ ಮೇಲೆ ಎರಡು ಎಂದು ಕೇಳಿದರೆ ಮಾತು ನಿಲ್ಲುತ್ತದೆ. ನೂರು ನೋಡಿ ಎರಡು ಸಿಕ್ಕಿದ್ದಕ್ಕೂ ಎರಡು ಸಾವಿರ ನೋಡಿ ಎರಡು ಸಿಕ್ಕಿದ್ದಕ್ಕೂ ಅಜಗಜಾಂತರ. ಅಪರೂಪ ಎಂಬುದು ಒಂದು ಭಿನ್ನರಾಶಿ. ಮೇಲಿನ ಅಂಶವನ್ನು ಆಟವೇ ನೆನಪಿಟ್ಟುಕೊಳ್ಳುತ್ತದೆ. ಕೆಳಗಿನ ಛೇದವನ್ನು ಆಡುವವರು ಬರೆದಿಡದಿದ್ದರೆ ಅದು ಬೇಕಾದ ರೂಪದಲ್ಲಿ ಉಳಿಯುವುದಿಲ್ಲ. ಇಲ್ಲಿ ಹೇಳುವುದೆಲ್ಲ ಆ ಛೇದವನ್ನು ಸರಿಯಾಗಿ ಹಿಡಿಯುವ ಬಗೆ. ಉದಾಹರಣೆಗಳು ಹೆಚ್ಚಾಗಿ ಪೋಕೆಮಾನ್ ಗೋದವು, ಏಕೆಂದರೆ 2016ರಿಂದ ಆಟಗಾರರು ಅತಿ ಹೆಚ್ಚು ಲೆಕ್ಕ ಹಾಕಿರುವುದು ಆ ಆಟದ್ದೇ. ವಿಧಾನ ಮಾತ್ರ ಯಾವ ಆಟಕ್ಕೂ ಹೊಂದುತ್ತದೆ.

ಮೊದಲು ಪ್ರಶ್ನೆ ಯಾವುದೆಂದು ತೀರ್ಮಾನಿಸಿ

‘ಅಪರೂಪ’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಮೂರಕ್ಕೂ ಒಂದೇ ಲೆಕ್ಕದ ಪುಸ್ತಕ ಇಟ್ಟರೆ ಮೂರೂ ಕೆಡುತ್ತವೆ.

ಮೊದಲನೆಯದು, ಈ ಜಾಗದಲ್ಲಿ ಯಾವ ಜಾತಿ ಎಷ್ಟು ಬರುತ್ತದೆ ಎಂಬುದು. ನಕ್ಷೆಯ ಮೇಲೆ ಕಾಡು ಪೋಕೆಮಾನ್ ಒಂದು ಕಾಣಿಸಿಕೊಂಡರೆ (ಆಟಗಾರರ ಮಾತಿನಲ್ಲಿ ಸ್ಪಾನ್), ಪಕ್ಕದಲ್ಲಿ ನಿಂತವರಿಗೂ ಅಲ್ಲಿ ಅದೇ ಜಾತಿ ಕಾಣುತ್ತದೆ. ಇದು ಎಲ್ಲರಿಗೂ ಸೇರಿದ ಒಂದೇ ಎಸೆತ (ದಾಳ ಎಸೆದಂತೆ, ಅದೃಷ್ಟದ ಒಂದು ಪ್ರಯತ್ನ). ಐದು ಜನ ಜೊತೆಯಾಗಿ ನಡೆದು ಪಿಡ್ಜಿ ಎಂಬ ಜಾತಿಯ ಒಂದೇ ಪೋಕೆಮಾನನ್ನು ನೋಡಿದರೆ ಲೆಕ್ಕಕ್ಕೆ ಬರುವುದು ಒಂದು ಪಿಡ್ಜಿ, ಐದಲ್ಲ.

ಎರಡನೆಯದು, ಆ ಜಾತಿಯಲ್ಲಿ ಬೇರೆ ಬಣ್ಣದ ಶೈನಿ ಎಷ್ಟಕ್ಕೊಂದು ಎಂಬುದು. ಶೈನಿ ಹೌದೋ ಅಲ್ಲವೋ ಎಂಬುದು ಒಬ್ಬೊಬ್ಬರ ಖಾತೆಗೂ ಬೇರೆ ಬೇರೆಯಾಗಿ ನಿರ್ಧಾರವಾಗುತ್ತದೆ. ನಿಮಗೆ ಶೈನಿಯಾದದ್ದು ಪಕ್ಕದವರಿಗೆ ಮಾಮೂಲಿ ಬಣ್ಣದಲ್ಲಿರಬಹುದು. ಇಲ್ಲಿ ಐದು ಜನ ಒಂದೇ ಪಿಡ್ಜಿಯನ್ನು ಮುಟ್ಟಿದರೆ ಐದು ಎಸೆತಗಳೇ. ಗುಂಪಾಗಿ ಲೆಕ್ಕ ಇಡುವವರು ಅತಿ ಹೆಚ್ಚು ಎಡವುವುದು ಇಲ್ಲೇ: ಜಾತಿಯ ಲೆಕ್ಕದಲ್ಲಿ ಒಂದನ್ನೇ ಐದು ಸಲ ಸೇರಿಸುತ್ತಾರೆ, ಇಲ್ಲವೆ ಶೈನಿಯ ಲೆಕ್ಕದಲ್ಲಿ ಐದನ್ನು ಒಂದಕ್ಕಿಳಿಸುತ್ತಾರೆ.

ಮೂರನೆಯದು, ಒಂದು ಮೂಲದಿಂದ ಏನೇನು ಬರುತ್ತದೆ ಎಂಬುದು: ಮೊಟ್ಟೆ, ರೈಡ್ (ಬಲಿಷ್ಠ ಪೋಕೆಮಾನ್ ಒಂದನ್ನು ಹೋರಾಡಿ ಸೋಲಿಸಿ ಹಿಡಿಯುವುದು), ಇಂಗ್ರೆಸ್‌ನಲ್ಲಾದರೆ ಪೋರ್ಟಲ್ ಹ್ಯಾಕ್ (ನಕ್ಷೆಯ ಮೇಲಿನ ಪೋರ್ಟಲ್ ಎಂಬ ಜಾಗದಿಂದ ವಸ್ತು ಪಡೆಯುವುದು). ಇಲ್ಲಿ ಛೇದ ಆ ಕ್ರಿಯೆ; ಕೈಗೆ ಬಂದ ವಸ್ತುಗಳ ಸಂಖ್ಯೆಯಲ್ಲ. ಒಂದು ಹ್ಯಾಕ್‌ಗೆ ಕೆಲವೊಮ್ಮೆ ಎರಡು ವಸ್ತು, ಕೆಲವೊಮ್ಮೆ ಆರು, ಕೆಲವೊಮ್ಮೆ ಏನೂ ಇಲ್ಲ. ‘ನೂರು ವಸ್ತುವಿನಲ್ಲಿ ಎಷ್ಟು ವೆರಿ ರೇರ್ ಶೀಲ್ಡ್ (ಬಲು ಅಪರೂಪದ ರಕ್ಷಾಕವಚ)’ ಎಂದು ಬರೆದರೆ ಖಾಲಿ ಬಂದ ಹ್ಯಾಕ್‌ಗಳೆಲ್ಲ ಮಾಯವಾಗುತ್ತವೆ. ‘ನೂರು ಹ್ಯಾಕ್‌ಗೆ ಎಷ್ಟು’ ಎಂದು ಬರೆಯಿರಿ. ಗ್ಲಿಫ್ (ಪರದೆಯ ಮೇಲೆ ತೋರಿಸಿದ ಗೆರೆಚಿತ್ರ) ಬಿಡಿಸಿ ಮಾಡಿದ ಹ್ಯಾಕ್‌ಗೆ ಹೆಚ್ಚುವರಿ ವಸ್ತು ಬರುತ್ತದೆ, ಹಾಗಾಗಿ ಅದಕ್ಕೆ ಬೇರೆ ಹಾಳೆ. ಪೋರ್ಟಲ್‌ನ ಮಟ್ಟವನ್ನೂ ಬರೆದುಕೊಳ್ಳಿ. ಮಾಡ್ (ಪೋರ್ಟಲ್‌ಗೆ ಜೋಡಿಸುವ ಉಪಕರಣ) ಏನೂ ಹಾಕಿಲ್ಲದ ಪೋರ್ಟಲ್‌ನಲ್ಲಿ ಎರಡು ಹ್ಯಾಕ್ ನಡುವೆ 5 ನಿಮಿಷ ಕಾಯಬೇಕು, ನಾಲ್ಕು ಹ್ಯಾಕ್ ಆದರೆ ನಾಲ್ಕು ಗಂಟೆ ಅದು ಕೊಡುವುದಿಲ್ಲ. ದಿನಕ್ಕೆ ಎಷ್ಟು ಸಾಲು ತುಂಬಬಹುದು ಎಂಬ ಅಂದಾಜು ಇದರಿಂದಲೇ ಸಿಗುತ್ತದೆ.

ಹಣ ಕೊಟ್ಟು ತೆಗೆಯುವ ಪೆಟ್ಟಿಗೆಗಳಿಗೆ ಇಷ್ಟೆಲ್ಲ ಶ್ರಮ ಬೇಕಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಅದೃಷ್ಟದ ಪೆಟ್ಟಿಗೆಯಲ್ಲಿ ಯಾವುದು ಎಷ್ಟು ಪ್ರಮಾಣದಲ್ಲಿ ಬರುತ್ತದೆಂದು ಕೊಳ್ಳುವ ಮೊದಲೇ ತಿಳಿಸಬೇಕೆಂಬ ನಿಯಮವನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ, ಗೂಗಲ್ ಪ್ಲೇ 2019ರಲ್ಲಿ ತಂದವು. ಆಟದೊಳಗೆ ಆ ಪಟ್ಟಿ ಇದೆಯೇ ಎಂದು ಮೊದಲು ಹುಡುಕಿ. ನಕ್ಷೆಯ ಮೇಲೆ ಬಿಟ್ಟಿಯಾಗಿ ಸಿಗುವುದಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಅದನ್ನು ನಾವೇ ಎಣಿಸಬೇಕು.

ಲೆಕ್ಕದ ಹಾಳೆ

ಎಕ್ಸೆಲ್ ಆಗಲಿ ಗೂಗಲ್ ಶೀಟ್ ಆಗಲಿ ಏಳು ಕಾಲಂ ಸಾಕು: ದಿನಾಂಕ ಮತ್ತು ಹೊತ್ತು, ಜಾಗ, ಮೂಲ, ಆಟದೊಳಗಿನ ಹವಾಮಾನ, ಜಾತಿ ಅಥವಾ ವಸ್ತು, ನೋಡಿದ್ದು, ಸಿಕ್ಕಿದ್ದು. ತುಂಬಿದ ಮೇಲೆ ಹೀಗಿರುತ್ತದೆ:

ಬುಧ 18:05–18:50 | ಕೆರೆ ದಂಡೆ | ಕಾಡು | ಮಳೆ | ಮ್ಯಾಜಿಕಾರ್ಪ್ | 31 | 0
ಬುಧ 18:05–18:50 | ಕೆರೆ ದಂಡೆ | ಕಾಡು | ಮಳೆ | ಪಿಡ್ಜಿ | 9 | 0
ಬುಧ 18:05–18:50 | ಕೆರೆ ದಂಡೆ | ಲೂರ್ | ಮಳೆ | ಮ್ಯಾಜಿಕಾರ್ಪ್ | 4 | 1

ಕೊನೆಯ ಕಾಲಂನಲ್ಲಿರುವ ಸೊನ್ನೆಗಳನ್ನು ನೋಡಿ. ಈ ಹಾಳೆಯ ಜೀವ ಅಲ್ಲಿದೆ. ಏನೂ ಸಿಗದ ದಿನ ಬರೆಯದೆ ಬಿಟ್ಟು, ಸಿಕ್ಕ ದಿನ ಮಾತ್ರ ಹುಮ್ಮಸ್ಸಿನಿಂದ ಬರೆದರೆ ಅಪರೂಪದ್ದೆಲ್ಲ ಸುಲಭವಾಗಿ ಸಿಗುತ್ತದೆಂದು ಹಾಳೆ ಸುಳ್ಳು ಹೇಳುತ್ತದೆ. ಇದೇ ತಪ್ಪಿನ ಇನ್ನೊಂದು ರೂಪ, ಸಿಕ್ಕ ಕೂಡಲೇ ಎಣಿಕೆ ನಿಲ್ಲಿಸುವುದು. ಹೊರಡುವ ಮುಂಚೆಯೇ ‘ಇವತ್ತು 45 ನಿಮಿಷ’ ಎಂದೋ ‘60 ನೋಡುವವರೆಗೆ’ ಎಂದೋ ಗೊತ್ತುಮಾಡಿಕೊಳ್ಳಿ. ನಡುವೆ ಸಿಕ್ಕರೂ ಸಿಗದಿದ್ದರೂ ಅಲ್ಲಿಯವರೆಗೆ ಎಣಿಸಿ.

‘ಮೂಲ’ ಎಂಬ ಕಾಲಂನಲ್ಲಿ ಉದಾಸೀನ ಬೇಡ. ಕಾಡು, ಲೂರ್ (ಒಂದು ಜಾಗದಲ್ಲಿ ಇಡುವ ಆಮಿಷ), ಇನ್ಸೆನ್ಸ್ (ಆಟಗಾರರು ತಮಗಾಗಿ ಹಚ್ಚಿಕೊಳ್ಳುವ ಧೂಪ), ಮೊಟ್ಟೆ, ರೈಡ್, ರಿಸರ್ಚ್ (ಆಟ ಕೊಡುವ ಕೆಲಸ ಮುಗಿಸಿದ್ದಕ್ಕೆ ಸಿಗುವುದು) ಎಲ್ಲವೂ ಬೇರೆ ಬೇರೆ ಬುಟ್ಟಿಗಳು. ಲೂರ್‌ಗೆ ಬಂದದ್ದು ಸುತ್ತ ಇರುವವರಿಗೆಲ್ಲ ಕಾಣುತ್ತದೆ, ಇನ್ಸೆನ್ಸ್‌ಗೆ ಬಂದದ್ದು ಹಚ್ಚಿದವರಿಗೆ ಮಾತ್ರ. ಗ್ಲೇಶಿಯಲ್, ಮಾಸಿ, ಮ್ಯಾಗ್ನೆಟಿಕ್‌ನಂಥ ವಿಶೇಷ ಲೂರ್‌ಗಳು ಬರುವ ಜಾತಿಗಳನ್ನೇ ಬದಲಿಸುತ್ತವೆ. ಅವುಗಳ ಹೆಸರನ್ನೂ ಬರೆಯಿರಿ.

ಕೈಯಲ್ಲಿ ಎಣಿಸುವುದು ಹೇಗೆ? ಆಟ ಬಿಟ್ಟು ಶೀಟ್‌ಗೆ ಹೋಗಿ ಮರಳುವುದು ನಾಲ್ಕು ಸಲದಲ್ಲೇ ಬೇಸರ ತರಿಸುತ್ತದೆ. ಬೆರಳಿನಿಂದ ಒತ್ತುವ ಟ್ಯಾಲಿ ಕೌಂಟರ್ ಒಂದು ಜಾತಿಯನ್ನು ಬೆನ್ನು ಹತ್ತಿದಾಗ ಎಲ್ಲಕ್ಕಿಂತ ಅನುಕೂಲ: ಮುಟ್ಟಿದಾಗೊಮ್ಮೆ ಒತ್ತಿ, ಕೊನೆಗೆ ಒಂದೇ ಸಂಖ್ಯೆ ಬರೆದುಕೊಳ್ಳಿ. ಹಲವು ಜಾತಿ ಒಟ್ಟಿಗೆ ಎಣಿಸಬೇಕಾದರೆ ಸ್ಕ್ರೀನ್ ರೆಕಾರ್ಡಿಂಗ್ ಹಾಕಿಕೊಂಡು ಮನೆಗೆ ಬಂದು ನೋಡಿ ಬರೆಯಿರಿ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಆದರೆ ಅನುಮಾನ ಬಂದರೆ ಮತ್ತೆ ನೋಡಬಹುದು. ನಡೆಯುತ್ತ ಬರೆಯಬೇಡಿ, ನಿಂತು ಬರೆಯಿರಿ.

ತಾಳೆ ನೋಡಲು ಆಟದೊಳಗೇ ಒಂದು ದಾರಿಯಿದೆ. ಪೋಕೆಮಾನ್ ಪಟ್ಟಿಯ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಏಜ್’ ಎಂದು ಬರೆದು ಅದಕ್ಕಂಟಿಕೊಂಡಂತೆ 0 ಹಾಕಿದರೆ ಕಳೆದ ಒಂದು ದಿನದಲ್ಲಿ ಹಿಡಿದವು ಮಾತ್ರ ಕಾಣುತ್ತವೆ. ಹಾಳೆಯಲ್ಲಿ ಬರೆದ ಸಂಖ್ಯೆ ಇದಕ್ಕಿಂತ ಕಡಿಮೆ ಬಂದರೆ ಎಲ್ಲೋ ಎಣಿಕೆ ಬಿಟ್ಟಿದ್ದೀರಿ. ಹಾಗಾಗಿ ಲೆಕ್ಕ ಮುಗಿಯುವವರೆಗೆ ಯಾವುದನ್ನೂ ಟ್ರಾನ್ಸ್‌ಫರ್ ಮಾಡಬೇಡಿ (ಪಟ್ಟಿಯಿಂದ ಬಿಟ್ಟುಕೊಡಬೇಡಿ). ಹಾಳೆಯ ಸಂಖ್ಯೆ ಹೆಚ್ಚಿದ್ದರೆ ಚಿಂತೆಯಿಲ್ಲ, ಓಡಿಹೋದವು ಆ ಪಟ್ಟಿಯಲ್ಲಿ ಬರುವುದಿಲ್ಲ. ನೋಡಿದ್ದು ಎಂದರೆ ಮುಟ್ಟಿ ಒಳಗೆ ಹೋಗಿ ಬಣ್ಣ ಕಂಡದ್ದು. ಹಿಡಿದದ್ದೇ ಬೇರೆ ಲೆಕ್ಕ. ಒಂದೇ ಪೋಕೆಮಾನ್‌ನಿಂದ ಹೊರಬಂದು ಮತ್ತೆ ಮುಟ್ಟಿದರೆ ಅದು ಹೊಸ ಎಸೆತವಲ್ಲ, ಫಲಿತಾಂಶ ಬದಲಾಗುವುದಿಲ್ಲ.

ಗೋ ಪ್ಲಸ್ + ನಂಥ ತಾನಾಗಿ ಹಿಡಿಯುವ ಸಾಧನ ಜೇಬಿನಲ್ಲಿದ್ದ ದಿನವನ್ನು ಶೈನಿಯ ಲೆಕ್ಕದಿಂದ ಪೂರ್ತಿ ಬಿಡಿ. ಅದು ಚೆಂಡು ಎಸೆದು ತಪ್ಪಿದರೆ ಓಡಿಹೋದದ್ದು ಶೈನಿಯಾಗಿತ್ತೇ ಎಂದು ನಿಮಗೆ ತಿಳಿಯುವುದೇ ಇಲ್ಲ. ಛೇದ ಏರುತ್ತದೆ, ಅಂಶ ಕಳೆದುಹೋಗುತ್ತದೆ.

ನಡಿಗೆಯ ಹಾದಿ ಮತ್ತು ನಿಮಿಷದ ಮುಳ್ಳು

ಶೈನಿಯ ಲೆಕ್ಕಕ್ಕೆ ಆ ಒಂದು ಜಾತಿಯನ್ನಷ್ಟೇ ಮುಟ್ಟುತ್ತ ಹೋದರೂ ತೊಂದರೆಯಿಲ್ಲ. ಜಾತಿಯ ಲೆಕ್ಕಕ್ಕೆ ಹಾಗಲ್ಲ. ಪರದೆಯ ಮೇಲೆ ಕಂಡ ಎಲ್ಲವನ್ನೂ, ಬೇಡದ್ದನ್ನೂ, ಎಣಿಸಬೇಕು. ‘ಹತ್ತಿರದಲ್ಲಿದೆ’ ಪಟ್ಟಿ ನೋಡಿ ಅಪರೂಪದ್ದರ ಕಡೆಗೆ ದಾರಿ ತಿರುಗಿಸಿದಿರಾದರೆ ಆ ಹೊತ್ತಿನ ಜಾತಿ ಲೆಕ್ಕ ಅಲ್ಲಿಗೆ ಮುಗಿಯಿತು. ನೀವು ಅದನ್ನು ಆರಿಸಿಕೊಂಡಿರಿ, ಅದು ತಾನಾಗಿ ಎದುರಾಗಲಿಲ್ಲ.

ಪೋಕೆಮಾನ್ ಗೋದಲ್ಲಿ ಕಾಡು ಪೋಕೆಮಾನ್ ಕಾಣಿಸಿಕೊಳ್ಳುವ ಬಿಂದುಗಳು ನಿಗದಿಯಾಗಿರುತ್ತವೆ. ಸಾಮಾನ್ಯವಾಗಿ ಒಂದು ಬಿಂದು ಪ್ರತಿ ಗಂಟೆಯ ಅದೇ ನಿಮಿಷಕ್ಕೆ ಜೀವ ತಳೆದು ಅರ್ಧ ಗಂಟೆ ಇರುತ್ತದೆ. ಕೆಲವು ಬಿಂದುಗಳಲ್ಲಿ ಒಂದು ಗಂಟೆ. ಇದರಿಂದ ಎರಡು ತೊಂದರೆ. 15 ನಿಮಿಷದ ಸುತ್ತು ಹಾಕಿ ತಕ್ಷಣ ಎರಡನೇ ಸುತ್ತು ಹೊರಟರೆ ಮೊದಲು ನೋಡಿದ್ದನ್ನೇ ಮತ್ತೆ ನೋಡುತ್ತೀರಿ. ಹಿಡಿದದ್ದು ನಿಮ್ಮ ನಕ್ಷೆಯಿಂದ ಮರೆಯಾಗುತ್ತದೆ, ಹಿಡಿಯದೆ ಬಿಟ್ಟದ್ದು ಎರಡು ಸಲ ಎಣಿಕೆಯಾಗುತ್ತದೆ. ಅಲ್ಲಿಗೆ ಬೇಡದ ಜಾತಿಗಳ ಸಂಖ್ಯೆ ಉಬ್ಬುತ್ತದೆ. ಒಂದು ಜಾಗಕ್ಕೆ ಮರಳುವ ಮುನ್ನ ಒಂದು ಗಂಟೆ ಕಳೆಯಲಿ.

ಎರಡನೆಯದು ಸುಲಭವಾಗಿ ಗಮನಕ್ಕೆ ಬರುವುದಿಲ್ಲ. ದಿನವೂ ಸಂಜೆ 6 ಗಂಟೆ 5 ನಿಮಿಷಕ್ಕೇ ಅದೇ ಮೂಲೆಯಲ್ಲಿ ಇದ್ದರೆ, ಅಲ್ಲಿ 20ನೇ ನಿಮಿಷಕ್ಕೆ ಎದ್ದು 50ನೇ ನಿಮಿಷಕ್ಕೆ ಮಲಗುವ ಬಿಂದು ವರ್ಷವಿಡೀ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹೊರಡುವ ನಿಮಿಷವನ್ನು ಬದಲಿಸುತ್ತ ಹೋಗಿ: ಒಂದು ದಿನ 5, ಮರುದಿನ 20, ಆಮೇಲೆ 35, ಆಮೇಲೆ 50. ನಾಲ್ಕು ದಿನಕ್ಕೆ ಗಡಿಯಾರದ ಮುಖ ಪೂರ್ತಿಯಾಗುತ್ತದೆ.

ವಾಹನದಲ್ಲಿ ವೇಗವಾಗಿ ಹೋಗುವಾಗ ನಕ್ಷೆ ತುಂಬಿಕೊಳ್ಳುವಷ್ಟರಲ್ಲಿ ಜಾಗ ದಾಟಿರುತ್ತೀರಿ. ಅದನ್ನು ಎಣಿಸಬೇಡಿ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಜಿಗಿದಾಡಿ ನಿಂತಲ್ಲೇ ಎರಡು ಬೀದಿ ಆಚೆಯದು ಕಾಣತೊಡಗಿದರೆ ಆ ಸಾಲಿನ ಪಕ್ಕ ಒಂದು ಗುರುತು ಹಾಕಿ, ಜಾಗದ ಲೆಕ್ಕದಿಂದ ಹೊರಗಿಡಿ.

ಬೆರೆಸಬಾರದ್ದು

ಒಂದು ಲೆಕ್ಕ ನೋಡಿ. ಸಮುದಾಯ ದಿನದಂಥ (ಕಮ್ಯುನಿಟಿ ಡೇ, ಒಂದು ಜಾತಿ ಕೆಲವು ಗಂಟೆ ಹೇರಳವಾಗಿ ಬರುವ ದಿನ) ಹಬ್ಬದ ಹೊತ್ತಿನಲ್ಲಿ 150 ನೋಡಿ 6 ಶೈನಿ, ಉಳಿದ ತಿಂಗಳೆಲ್ಲ 850 ನೋಡಿ 2. ಒಟ್ಟು ಹಾಕಿದರೆ 1000ಕ್ಕೆ 8, ಅಂದರೆ 125ಕ್ಕೆ ಒಂದು. ಆ 125 ಎಂಬ ಸಂಖ್ಯೆ ಆಟದಲ್ಲಿ ಯಾವತ್ತೂ ಇರಲೇ ಇಲ್ಲ. ಇದ್ದದ್ದು ಹಬ್ಬದ ದಿನದ 25ಕ್ಕೆ ಒಂದು, ಉಳಿದ ದಿನದ 425ಕ್ಕೆ ಒಂದು. ಆಟಗಾರರ ದೊಡ್ಡ ಎಣಿಕೆಗಳಲ್ಲಿ ಕಂಡದ್ದೂ ಸುಮಾರಾಗಿ ಹೀಗೇ: ಮಾಮೂಲಿ ಕಾಡು ಶೈನಿ 500ರ ಆಸುಪಾಸಿಗೆ ಒಂದು, ಸಮುದಾಯ ದಿನದಲ್ಲಿ 25ಕ್ಕೆ ಒಂದು, ಲೆಜೆಂಡರಿ ಎಂಬ ಅತಿ ಬಲಿಷ್ಠ ಜಾತಿಗಳ ರೈಡ್‌ಗಳಲ್ಲಿ 20ಕ್ಕೆ ಒಂದು. ಹಬ್ಬ ಶುರುವಾಗುವ ಗಂಟೆಗೆ ಹಾಳೆಯಲ್ಲಿ ಒಂದು ಗೆರೆ ಎಳೆಯಿರಿ, ಮುಗಿಯುವ ಗಂಟೆಗೆ ಇನ್ನೊಂದು. 2020ರ ಡಿಸೆಂಬರ್‌ನಿಂದ ಆಟ ಮೂರು ತಿಂಗಳ ಸೀಸನ್‌ಗಳಾಗಿ ನಡೆಯುತ್ತಿದೆ, ಸೀಸನ್ ಬದಲಾದಾಗ ಕಾಡಿನ ಜಾತಿಗಳ ಪಟ್ಟಿಯೂ ಬದಲಾಗುತ್ತದೆ. ಅಲ್ಲಿ ಗೆರೆಯ ಬದಲು ಹೊಸ ಹಾಳೆಯನ್ನೇ ತೆರೆಯುವುದು ಒಳ್ಳೆಯದು.

ಉದ್ಯಾನಗಳಲ್ಲಿ ಒಂದೇ ಜಾತಿ ಗುಂಪಾಗಿ ಬರುವ ಗೂಡುಗಳು ಎರಡು ವಾರಕ್ಕೊಮ್ಮೆ, ಯುಟಿಸಿ (ವಿಶ್ವ ಸಮಯ) ಲೆಕ್ಕದಲ್ಲಿ ಬುಧವಾರ ಕಳೆದು ಗುರುವಾರ ಹುಟ್ಟುವ ಹೊತ್ತಿಗೆ, ಜಾತಿ ಬದಲಿಸುತ್ತವೆ. ಗೂಡಿನಲ್ಲಿ ನಿಂತು ಎಣಿಸಿದ್ದನ್ನು ಊರಿನ ಪ್ರಮಾಣವೆಂದು ಬರೆದರೆ ಅಪರೂಪದ್ದೂ ಅಗ್ಗವಾಗಿ ಕಾಣುತ್ತದೆ. ಗೂಡಿಗೆ ಜಾಗದ ಕಾಲಂನಲ್ಲಿ ಬೇರೆ ಹೆಸರು ಕೊಡಿ.

ಹವಾಮಾನ ಗಂಟೆಗೊಮ್ಮೆ ಬದಲಾಗಬಹುದು, ಆ ಹವೆಗೆ ಒಗ್ಗುವ ಜಾತಿಗಳು ಹೆಚ್ಚು ಕಾಣುತ್ತವೆ. ಕಿಟಕಿಯಾಚೆಗಿನ ಮಳೆಯನ್ನು ಬರೆಯಬೇಡಿ, ಆಟದ ಮೂಲೆಯಲ್ಲಿರುವ ಚಿಹ್ನೆಯನ್ನು ಬರೆಯಿರಿ. ಎರಡೂ ಹಲವು ಸಲ ಬೇರೆ ಇರುತ್ತವೆ. ಗುಣಮಟ್ಟದ ಲೆಕ್ಕಕ್ಕೂ ಇದು ಮುಖ್ಯ. ದಾಳಿ, ರಕ್ಷಣೆ, ಆಯಸ್ಸು ಎಂಬ ಮೂರು ಅಂಕಗಳು (ಆಟಗಾರರು ಐವಿ ಎನ್ನುತ್ತಾರೆ) ಒಂದೊಂದೂ 0ಯಿಂದ 15ರವರೆಗೆ ಇರುತ್ತವೆ. ಮೂರೂ 15 ಬರುವ ಸಾಧ್ಯತೆ 16×16×16, ಅಂದರೆ 4096ಕ್ಕೆ ಒಂದು. ಹವಾಮಾನದ ಬೆಂಬಲವಿದ್ದರೆ ಕನಿಷ್ಠ 4, ಆಗ 12×12×12, 1728ಕ್ಕೆ ಒಂದು. ರೈಡ್‌ನಲ್ಲಿ ಕನಿಷ್ಠ 10, ಹಾಗಾಗಿ 216ಕ್ಕೆ ಒಂದು. ಲಕ್ಕಿ ಟ್ರೇಡ್‌ನಲ್ಲಿ (ಇಬ್ಬರು ಅದಲುಬದಲು ಮಾಡಿಕೊಂಡಾಗ ಪೋಕೆಮಾನ್ ‘ಲಕ್ಕಿ’ ಆದರೆ) ಕನಿಷ್ಠ 12, ಅದು 64ಕ್ಕೆ ಒಂದು. ಇಷ್ಟನ್ನು ಎಣಿಸದೆಯೇ ತಿಳಿಯಬಹುದು. ನಿಮ್ಮ ಹಾಳೆ ನೆಟ್ಟಗಿದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ: ರೈಡ್‌ಗಳ ನೂರು ಶೇಕಡಾ ಐವಿ (ಮೂರೂ 15) ಸಾಕಷ್ಟು ಎಣಿಸಿದ ಮೇಲೂ ನಿಮ್ಮ ಲೆಕ್ಕದಲ್ಲಿ 216ರ ಹತ್ತಿರಕ್ಕೂ ಬರದಿದ್ದರೆ ಬರೆಯುವ ಕ್ರಮದಲ್ಲೇ ದೋಷವಿದೆ.

ಮೊಟ್ಟೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಳಗೆ ಏನಿದೆ ಎಂಬುದು ಮೊಟ್ಟೆ ಕೈಗೆ ಬಂದ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ, ಒಡೆಯುವ ದಿನದಲ್ಲಲ್ಲ. ಕಳೆದ ತಿಂಗಳು ಸಿಕ್ಕ 10 ಕಿಲೋಮೀಟರ್ ನಡೆದರೆ ಒಡೆಯುವ ಮೊಟ್ಟೆಯನ್ನು ಈ ತಿಂಗಳ ಹಬ್ಬದಲ್ಲಿ ಒಡೆದರೂ ಅದು ಕಳೆದ ತಿಂಗಳ ಪಟ್ಟಿಗೇ ಸೇರಿದ್ದು. ಹಾಗಾಗಿ ಮೊಟ್ಟೆಯ ಹಾಳೆಯಲ್ಲಿ ದಿನಾಂಕ ಎಂದರೆ ಸಿಕ್ಕ ದಿನಾಂಕ. ಮೊಟ್ಟೆಯನ್ನು ಮುಟ್ಟಿದರೆ ಒಳಗಿರಬಹುದಾದವುಗಳ ಪಟ್ಟಿ, ವಿರಳತೆಯ ಗುರುತಿನ ಸಮೇತ, ಕಾಣುತ್ತದೆ. ಸಿಕ್ಕ ದಿನವೇ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಎಷ್ಟು ನೋಡಿದರೆ ನಂಬಬಹುದು

3000 ನೋಡಿ 9 ಸಿಕ್ಕಿತು ಎನ್ನಿ. ಭಾಗಿಸಿದರೆ 333ಕ್ಕೆ ಒಂದು. ಅದನ್ನು ಹಾಗೆಯೇ ಸಾರಿಬಿಡಬೇಡಿ, ಏಕೆಂದರೆ 9 ಎಂಬುದು ಅದೃಷ್ಟದಿಂದ 6 ಕೂಡ ಆಗಬಹುದಿತ್ತು, 13 ಕೂಡ. ಎಷ್ಟು ಹೊಯ್ದಾಡಬಹುದು ಎಂದು ತಿಳಿಯಲು ಕೈಲೆಕ್ಕ ಒಂದಿದೆ: ಸಿಕ್ಕ ಸಂಖ್ಯೆಯ ವರ್ಗಮೂಲ ತೆಗೆಯಿರಿ, ಅದಕ್ಕೆ ಒಂದು ಕಳೆದು ವರ್ಗ ಮಾಡಿ, ಒಂದು ಕೂಡಿಸಿ ವರ್ಗ ಮಾಡಿ. 9ರ ವರ್ಗಮೂಲ 3. ಕಳೆದರೆ 2, ವರ್ಗ 4. ಕೂಡಿಸಿದರೆ 4, ವರ್ಗ 16. ಅಂದರೆ ನಿಜವಾದ ಪ್ರಮಾಣ 3000ಕ್ಕೆ 4ರಿಂದ 16ರ ನಡುವೆ ಎಲ್ಲೋ ಇದೆ. 750ಕ್ಕೆ ಒಂದು ಇರಬಹುದು, 188ಕ್ಕೆ ಒಂದೂ ಇರಬಹುದು. ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಈ ಎಲ್ಲೆಯೊಳಗೇ ಇರುತ್ತದೆ. ಸಿಕ್ಕ ಸಂಖ್ಯೆ 4 ಅಥವಾ ಹೆಚ್ಚಿದ್ದರೆ ಈ ವಿಧಾನ ದೊಡ್ಡ ಸೂತ್ರಗಳಿಗೆ ತೀರ ಹತ್ತಿರದ ಉತ್ತರ ಕೊಡುತ್ತದೆ.

ಸಿಕ್ಕಿದ್ದು 25 ಆದರೆ ಎಲ್ಲೆ 16ರಿಂದ 36. 100 ಆದರೆ 81ರಿಂದ 121. ನಂಬಿಕೆ ಬೆಳೆಯುವುದು ಸಿಕ್ಕವುಗಳ ಸಂಖ್ಯೆಯಿಂದ ಎಂಬುದನ್ನು ಗಮನಿಸಿ. ಹತ್ತು ಸಾವಿರ ನೋಡಿದ್ದೇನೆ ಎಂದರೂ ಸಿಕ್ಕಿದ್ದು ನಾಲ್ಕೇ ಆದರೆ ಉತ್ತರ ಮಸುಕೇ.

ಒಂದೂ ಸಿಗದಿದ್ದರೆ? ಆಗಲೂ ಒಂದು ಮಾತು ಹೇಳಬಹುದು. ನೋಡಿದ್ದನ್ನು 3ರಿಂದ ಭಾಗಿಸಿ. 600 ನೋಡಿ ಸೊನ್ನೆ ಬಂದಿದ್ದರೆ, ಪ್ರಮಾಣ 200ಕ್ಕೆ ಒಂದಕ್ಕಿಂತ ಹೆಚ್ಚಿರುವುದು ಅನುಮಾನ ಎನ್ನಬಹುದು. ‘ಈ ಜಾತಿಯಲ್ಲಿ ಶೈನಿ ಬಿಟ್ಟೇ ಇಲ್ಲ’ ಎಂದು ಹೇಳಲು ಮಾತ್ರ ಸಾಲದು. 512ಕ್ಕೆ ಒಂದು ಸಿಗುವಂಥದ್ದನ್ನು 512 ನೋಡಿದವರಲ್ಲಿ ನೂರಕ್ಕೆ 37 ಜನ ಬರಿಗೈಯಲ್ಲೇ ಮರಳುತ್ತಾರೆ. ಅರ್ಧದಷ್ಟು ಜನರಿಗೆ ಸಿಗಲು 355 ಸಾಕು, ನೂರಕ್ಕೆ 90 ಜನರಿಗೆ ಸಿಗಲು 1178 ಬೇಕು, 99 ಜನರಿಗೆ ಸಿಗಲು 2355ರಷ್ಟು. ಮೊದಲೇ 500 ನೋಡಿಯಾಗಿದೆ, ಇನ್ನೇನು ಬಂದೇ ಬರುತ್ತದೆ ಎಂಬ ನಿರೀಕ್ಷೆಗೆ ಆಧಾರವಿಲ್ಲ. ಎಸೆತಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮುಂದಿನದರ ಸಾಧ್ಯತೆ ಮೊದಲಿನಷ್ಟೇ.

ಒಂದು ಜಾತಿಯ ಪ್ರಮಾಣ 512ಕ್ಕೆ ಒಂದೋ 256ಕ್ಕೆ ಒಂದೋ ಎಂದು ಬೇರ್ಪಡಿಸಬೇಕಾದರೆ ಎಷ್ಟು ಬೇಕು? 6400 ನೋಡಿದರೆ ಹನ್ನೆರಡೂವರೆ ಅಥವಾ 25 ನಿರೀಕ್ಷೆ, ಎರಡರ ಎಲ್ಲೆಗಳೂ ಒಂದರ ಮೇಲೊಂದು ಬೀಳುತ್ತವೆ. 12,800 ನೋಡಿದರೆ 25ರ ಎಲ್ಲೆ 36ಕ್ಕೆ ನಿಲ್ಲುತ್ತದೆ, 50ರ ಎಲ್ಲೆ ಸುಮಾರು 37ರಿಂದ ಶುರುವಾಗುತ್ತದೆ. ಆಗ ಖಚಿತವಾಗಿ ಹೇಳಬಹುದು. ಒಬ್ಬರೇ ಇಷ್ಟು ಎಣಿಸುವುದು ಕಷ್ಟ, ಹದಿನಾರು ಜನ ತಲಾ 800 ಎಣಿಸುವುದು ಸಾಧ್ಯ.

ಗುಂಪಿನ ಲೆಕ್ಕ

ಹಾಗೆ ಕೂಡಿ ಎಣಿಸುವಾಗ ಹೆಸರು ಕೊಟ್ಟವರೆಲ್ಲ ಎಣಿಕೆ ಶುರುವಾಗುವ ಮೊದಲೇ ಸೇರಬೇಕು. ಸಿಕ್ಕ ಮೇಲೆ ‘ನನ್ನದನ್ನೂ ಸೇರಿಸಿಕೊಳ್ಳಿ’ ಎಂದು ಬಂದವರ ಸಾಲನ್ನು ಪ್ರೀತಿಯಿಂದಲೇ ನಿರಾಕರಿಸಿ. ಸಿಗದವರು ಹಾಗೆ ಬಂದು ಹೇಳುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಿದ್ದ ಶೈನಿ ಚಿತ್ರಗಳನ್ನು ಎಣಿಸಿ ಪ್ರಮಾಣ ತೆಗೆಯಲಾಗದು ಎಂಬುದಕ್ಕೂ ಕಾರಣ ಇದೇ. ಪ್ರತಿಯೊಬ್ಬರ ಸಾಲುಗಳೂ ಬೇರೆಯಾಗಿ ಉಳಿಯುವಂತೆ ಆಟಗಾರರ ಸಂಕೇತಕ್ಕೆ ಎಂಟನೆಯ ಕಾಲಂ ಹಾಕಿ. ಒಬ್ಬರ ಪ್ರಮಾಣ ಮಾತ್ರ ಉಳಿದವರಿಗಿಂತ ಐದಾರು ಪಟ್ಟು ಹೆಚ್ಚಿದ್ದರೆ ಅವರು ಸಿಕ್ಕಾಗ ಮಾತ್ರ ಬರೆದಿರುತ್ತಾರೆ, ಇಲ್ಲವೆ ಹಬ್ಬದ ಗಂಟೆಯನ್ನು ಬೆರೆಸಿರುತ್ತಾರೆ. ಮಾತಾಡಿ ಸರಿಪಡಿಸಿಕೊಳ್ಳಿ. ಜಾತಿಯ ಲೆಕ್ಕದಲ್ಲಿ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿದ್ದ ಇಬ್ಬರ ಸಾಲುಗಳಿದ್ದರೆ ಒಂದನ್ನು ತೆಗೆಯಿರಿ.

ನಕ್ಷೆಯನ್ನು ತಾನಾಗಿ ಜಾಲಾಡುವ ಸ್ಕ್ಯಾನರ್‌ಗಳು, ಸುಳ್ಳು ಜಾಗ ತೋರಿಸುವ ಆ್ಯಪ್‌ಗಳು ಲಕ್ಷಗಟ್ಟಲೆ ಸಾಲು ತಂದುಕೊಡುತ್ತವೆ ನಿಜ. ಅವು ಆಟದ ನಿಯಮಕ್ಕೆ ವಿರುದ್ಧ, ಖಾತೆ ಮುಚ್ಚಿಹೋಗಬಹುದು. ನಡೆದು ಎಣಿಸಿದ 800 ಸಾಲು ಪ್ರಾಮಾಣಿಕವಾಗಿದ್ದರೆ ಅದಕ್ಕೆ ತನ್ನದೇ ಬೆಲೆಯಿದೆ.

ಹಾಳೆಯನ್ನು ಹಂಚುವ ಮುನ್ನ ಜಾಗ ಮತ್ತು ಹೊತ್ತಿನ ಕಾಲಂಗಳನ್ನು ಇನ್ನೊಮ್ಮೆ ನೋಡಿ. ದಿನವೂ ಬೆಳಿಗ್ಗೆ 7ಕ್ಕೆ ಒಂದೇ ಬಿಂದುವಿನಿಂದ ಶುರುವಾಗುವ ಸಾಲುಗಳು ನಿಮ್ಮ ಮನೆ ಎಲ್ಲಿದೆ, ನೀವು ಯಾವಾಗ ಮನೆಯಲ್ಲಿರುವುದಿಲ್ಲ ಎಂದು ಯಾರಿಗಾದರೂ ಹೇಳಿಬಿಡುತ್ತವೆ. ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ನಂತರ ಎರಡೇ ಅಂಕಿಗೆ ಮೊಟಕುಗೊಳಿಸಿ, ಜಾಗ ಸುಮಾರು ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಮನೆಯಿಂದ ಹಿಡಿದದ್ದನ್ನೆಲ್ಲ ‘ಮನೆ’ ಎಂದು ಬರೆಯದೆ ಹಂಚುವ ಪ್ರತಿಯಿಂದ ಅಳಿಸಿ. ಮಕ್ಕಳು ಎಣಿಕೆಯಲ್ಲಿ ಸೇರಿದ್ದರೆ ಅವರ ಸಾಲುಗಳಲ್ಲಿ ಜಾಗದ ಕಾಲಂ ಖಾಲಿಯೇ ಇರಲಿ. ಶೈನಿಯ ಲೆಕ್ಕಕ್ಕೆ ಜಾಗ ಬೇಕಾಗುವುದೂ ಇಲ್ಲ.